ಹಂಚಿದರೆ ಸಾಲದು, ಹೆಣೆಯಬೇಕು: ಬಹುವಾಹಕ ಸಂಕೇತಗಳ ತಪ್ಪಿನ ಲೆಕ್ಕ

ಲಕ್ಷ ಬಿಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಬಾರದು ಎಂದಿಟ್ಟುಕೊಳ್ಳೋಣ. ಹಿನ್ನೆಲೆಯ ಗದ್ದಲವೊಂದೇ ಅಡ್ಡಿಯಾಗಿದ್ದರೆ, ಬಿಪಿಎಸ್‌ಕೆ ಎಂಬ ಸರಳ ಮಾಡ್ಯುಲೇಷನ್ನಿಗೆ ಬಿಟ್ಟಿನ ಶಕ್ತಿ ಗದ್ದಲಕ್ಕಿಂತ 9.6 ಡೆಸಿಬೆಲ್ ಮೇಲಿದ್ದರೆ ಸಾಕು. ಅದೇ ಸಂಕೇತ ಕಟ್ಟಡ, ಗುಡ್ಡಗಳಿಗೆ ಬಡಿದು ಹಲವು ದಾರಿಗಳಿಂದ ಬಂದು ಸೇರುವ ರೇಲಿ ಫೇಡಿಂಗ್‌ನಲ್ಲಿ ಸುಮಾರು 44 ಡೆಸಿಬೆಲ್ ಬೇಕು. ಎಂದರೆ ಎರಡೂವರೆ ಸಾವಿರ ಪಟ್ಟಿಗೂ ಹೆಚ್ಚು ಶಕ್ತಿ. ಅಲೆಗಳು ಒಂದನ್ನೊಂದು ಅಳಿಸಿಹಾಕುವ ಗಳಿಗೆಗಳಲ್ಲೇ ಬಹುಪಾಲು ತಪ್ಪುಗಳು ಆಗುವುದರಿಂದ, ಶಕ್ತಿಯನ್ನು ಹತ್ತು ಪಟ್ಟು ಮಾಡಿದರೂ ತಪ್ಪು ಇಳಿಯುವುದು ಹತ್ತನೇ ಒಂದಕ್ಕೆ ಮಾತ್ರ.

ಈ ಕಂದಕ ದಾಟಲು ಹುಡುಕಿದ ದಾರಿಗಳಲ್ಲಿ ಬಹುವಾಹಕ ಪದ್ಧತಿ ಮುಖ್ಯವಾದದ್ದು. ವೇಗದ ಒಂದೇ ಹೊಳೆಯನ್ನು ನಿಧಾನವಾಗಿ ಹರಿಯುವ ಹಲವು ಕಾಲುವೆಗಳಿಗೆ, ಅಂದರೆ ಉಪವಾಹಕಗಳಿಗೆ, ತಿರುಗಿಸುವ ಉಪಾಯ ಇದು. 1966ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಚಾಂಗ್, ಉಪವಾಹಕಗಳು ಒಂದರ ಮೇಲೊಂದು ಹೊದ್ದುಕೊಂಡಿದ್ದರೂ ಬೆರೆಯದಂತೆ ಇಡಬಹುದು ಎಂದು ತೋರಿಸಿದರು. ಆದರೆ ವಾಹಕಕ್ಕೊಂದು ಆಂದೋಲಕ ಕೂರಿಸುವವರು ಯಾರು? 1971ರಲ್ಲಿ ವೈನ್‌ಸ್ಟೀನ್ ಮತ್ತು ಎಬರ್ಟ್ ಆ ಕೆಲಸವನ್ನೆಲ್ಲ ಡಿಸ್ಕ್ರೀಟ್ ಫೂರಿಯೆ ರೂಪಾಂತರವೆಂಬ ಗಣಿತಕ್ಕೆ ಒಪ್ಪಿಸಿದರು. 1980ರಲ್ಲಿ ಪೆಲೆಡ್ ಮತ್ತು ರೂಯಿಜ್ ಪ್ರತಿ ಚಿಹ್ನೆಯ, ಅಂದರೆ ಒಮ್ಮೆಗೆ ಕಳಿಸುವ ಅಲೆಯ ತುಣುಕಿನ, ಬಾಲವನ್ನು ನಕಲಿಸಿ ಅದರ ತಲೆಗೆ ಅಂಟಿಸಿದರು. ಆ ನಕಲಿನ ಉದ್ದ ಮೀರದಷ್ಟು ತಡವಾಗಿ ಬರುವ ಪ್ರತಿಧ್ವನಿಗಳೆಲ್ಲ ಅದರೊಳಗೇ ಮುಗಿಯುತ್ತವೆ. ಇಂದಿನ ಎಲ್‌ಟಿಇ ಮೊಬೈಲ್ ಜಾಲಗಳಲ್ಲಿ ಆ ನಕಲಿನ ಸಾಮಾನ್ಯ ಅಳತೆ ಸುಮಾರು 4.7 ಮೈಕ್ರೊಸೆಕೆಂಡ್, ಅಷ್ಟರಲ್ಲಿ ರೇಡಿಯೊ ಅಲೆ 1.4 ಕಿಲೋಮೀಟರ್ ಸಾಗಿರುತ್ತದೆ.

1985ರಲ್ಲಿ ಲಿಯೊನಾರ್ಡ್ ಸಿಮಿನಿ ಈ ತಂತ್ರವನ್ನು ಮೊಬೈಲ್ ರೇಡಿಯೊಗೆ ತಂದು ಪರೀಕ್ಷಿಸಿದ ಮೇಲೆ ಒಂದು ಕಹಿ ಸತ್ಯವನ್ನೂ ಎದುರಿಸಬೇಕಾಯಿತು. ಪ್ರತಿಧ್ವನಿಯ ಕಾಟ ತಪ್ಪಿತು, ನಿಜ. ಆದರೆ ಪ್ರತಿ ಉಪವಾಹಕವೂ ತನ್ನ ಪಾಲಿನ ರೇಲಿ ಫೇಡಿಂಗ್ ಅನ್ನು ಒಂಟಿಯಾಗಿ ಅನುಭವಿಸುತ್ತದೆ. ತಪ್ಪು ತಿದ್ದಲು ಹೆಚ್ಚುವರಿ ಬಿಟ್‌ಗಳನ್ನು ಸೇರಿಸುವ ಕೋಡಿಂಗ್ ಇಲ್ಲದಿದ್ದರೆ ಸರಾಸರಿ ತಪ್ಪು ಮತ್ತೆ ಅದೇ 44 ಡೆಸಿಬೆಲ್ಲಿನ ರೇಖೆಗೆ ಬಂದು ನಿಲ್ಲುತ್ತದೆ. ಬಹುವಾಹಕ ಪದ್ಧತಿ ರೋಗವನ್ನು ಬಿಡಿಬಿಡಿಯಾಗಿಸಿತೇ ಹೊರತು ವಾಸಿಮಾಡಲಿಲ್ಲ.

ಮದ್ದು ಬಂದದ್ದು ಹೆಣಿಗೆಯಿಂದ. 1987ರಲ್ಲಿ ಫ್ರಾನ್ಸಿನ ಅಲಾರ್ ಮತ್ತು ಲಸಾಲ್, ಡಿಜಿಟಲ್ ಪ್ರಸಾರಕ್ಕಾಗಿ ಕೋಡಿಂಗ್ ಮತ್ತು ಬಿಟ್‌ಗಳ ಸಾಲನ್ನು ಕಲಸಿ ದೂರದೂರ ಇಡುವ ಇಂಟರ್‌ಲೀವಿಂಗ್ ಎರಡನ್ನೂ ಬಹುವಾಹಕದೊಡನೆ ಬೆಸೆದರು. ಒಂದೇ ಮಾಹಿತಿಯ ಎಳೆಗಳು ದೂರದೂರದ ಉಪವಾಹಕಗಳಲ್ಲಿ ಹರಡಿರುವಾಗ, ಒಂದು ಮುಳುಗಿದರೂ ಮತ್ತೊಂದು ತೇಲುತ್ತದೆ. ಸ್ವತಂತ್ರವಾಗಿ ಏರಿಳಿಯುವ ಎರಡು ಎಳೆಗಳಿದ್ದರೆ, ಹತ್ತು ಪಟ್ಟು ಶಕ್ತಿಗೆ ತಪ್ಪು ನೂರನೇ ಒಂದಕ್ಕೆ ಇಳಿಯುತ್ತದೆ. ಮೂರಿದ್ದರೆ ಸಾವಿರನೇ ಒಂದಕ್ಕೆ. ತಜ್ಞರು ಇದನ್ನೇ ಡೈವರ್ಸಿಟಿ ಎನ್ನುತ್ತಾರೆ. ಆವರ್ತನದ ಮೇಲೆ ಹೆಣೆದಾಗ ಅದಕ್ಕೆ ಮಿತಿ ಹಾಕುವುದು ಬೇರೆಬೇರೆಯಾಗಿ ಗುರುತಿಸಲಾಗುವ ದಾರಿಗಳ ಎಣಿಕೆ. ಹಿಂದೆ ಶತ್ರುವೆನಿಸಿದ್ದ ಪ್ರತಿಧ್ವನಿ ಹೀಗೆ ನೆಂಟನಾಯಿತು.

ಲೆಕ್ಕ ಹಾಕುವ ವಿಧಾನವೂ ಬೆಳೆಯಿತು. ತಪ್ಪಿನ ಸಂಭವವನ್ನು ಎಣಿಸಲು 1991ರಲ್ಲಿ ಕ್ರೇಗ್ ಕೊಟ್ಟ ಸೂತ್ರವನ್ನು ಆಧರಿಸಿ ಸೈಮನ್ ಮತ್ತು ಅಲೂಯಿನಿ ರೇಲಿ, ರೈಸ್, ನಕಗಾಮಿ ಎಂಬ ಬಗೆಬಗೆಯ ಫೇಡಿಂಗ್‌ಗಳಿಗೆಲ್ಲ ಒಂದೇ ಚೌಕಟ್ಟು ಒದಗಿಸಿದರು. ಬಹುವಾಹಕದ ಇನ್ನೊಂದು ದೌರ್ಬಲ್ಯವೂ ಬಯಲಾಯಿತು: 1995ರಲ್ಲಿ ಪೋಲೆ ಮತ್ತು ಸಂಗಡಿಗರು, ಆವರ್ತನ ತುಸು ಸರಿದರೂ ಒಂಟಿವಾಹಕಕ್ಕಿಂತ ಬಹುವಾಹಕವೇ ಹೆಚ್ಚು ನಲುಗುತ್ತದೆಂದು ತೋರಿಸಿದರು.

ವೇಗ ಈ ಪೆಟ್ಟನ್ನು ಇನ್ನಷ್ಟು ಬಲವಾಗಿಸುತ್ತದೆ. ಗಂಟೆಗೆ 500 ಕಿಲೋಮೀಟರ್ ಓಡುವ ರೈಲಿನಲ್ಲಿ 4 ಗಿಗಾಹರ್ಟ್ಸ್ ಸಂಕೇತದ ಆವರ್ತನ ಸುಮಾರು 1,850 ಹರ್ಟ್ಸ್‌ವರೆಗೆ ಸರಿಯಬಹುದು; ಈ ಸರಿತವೇ ಡಾಪ್ಲರ್. ಅದು ಎಲ್‌ಟಿಇಯ ಉಪವಾಹಕಗಳ ನಡುವಿನ 15 ಕಿಲೋಹರ್ಟ್ಸ್ ಅಂತರದ ಸುಮಾರು ಎಂಟನೇ ಒಂದು ಭಾಗ. ಆಗ ಉಪವಾಹಕಗಳು ಒಂದರೊಳಗೊಂದು ಸೋರಿ, ಶಕ್ತಿ ಎಷ್ಟೇ ಹೆಚ್ಚಿಸಿದರೂ ತಪ್ಪು ಒಂದು ಮಟ್ಟಕ್ಕಿಂತ ಕೆಳಗಿಳಿಯದು.

ಇದಕ್ಕೆ ಉತ್ತರವಾಗಿ 2017ರಲ್ಲಿ ಬಂದದ್ದು ವಿಳಂಬ ಮತ್ತು ಡಾಪ್ಲರ್‌ಗಳ ಮೇಲೆ ಬಿಟ್‌ಗಳನ್ನು ಹರಡುವ ಒಟಿಎಫ್‌ಎಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚೊಕ್ಕಲಿಂಗಂ ಅವರ ತಂಡ 2019ರಲ್ಲಿ ಅದನ್ನೂ ಒರೆಗೆ ಹಚ್ಚಿತು: ಕೋಡಿಂಗ್ ಇಲ್ಲದ ಒಟಿಎಫ್‌ಎಸ್‌ಗೆ ಅತಿ ಹೆಚ್ಚಿನ ಶಕ್ತಿಯಲ್ಲಿ ದಕ್ಕುವ ಡೈವರ್ಸಿಟಿ ಒಂದೇ ಎಳೆಯಷ್ಟು, ಆದರೆ ಚಿಹ್ನೆಗಳ ಕೋನಗಳನ್ನು ಲೆಕ್ಕಾಚಾರದಿಂದ ತಿರುಗಿಸಿದರೆ ಪೂರ್ತಿ ದಕ್ಕುತ್ತದೆ. ಅಲೆಯ ರೂಪ ಹೊಸದಾದರೂ ಪಾಠ ಹಳೆಯದೇ: ಬಿಟ್‌ಗಳನ್ನು ಹಂಚಿದ ಮಾತ್ರಕ್ಕೆ ತಪ್ಪು ಇಳಿಯದು, ಒಂದಕ್ಕೊಂದು ಆಸರೆಯಾಗುವಂತೆ ಹೆಣೆದಾಗ ಇಳಿಯುತ್ತದೆ.