ಅಪ್ಪಯ್ಯನಿಗೆ ಕೊಡದ ನೀರು

೧೯೭೬ರ ಚಳಿಗಾಲದ ಒಂದು ರಾತ್ರಿ ಆಸ್ಪತ್ರೆಯ ವಾರ್ಡಿನಲ್ಲಿ ಅಪ್ಪಯ್ಯ ನನ್ನಲ್ಲಿ ನೀರು ಕೇಳಿದರು. ಮರುದಿನ ಬೆಳಿಗ್ಗೆ ಅವರ ಮೂತ್ರಪಿಂಡಗಳ ಎಕ್ಸ್‌ರೇ ಆಗಬೇಕಿತ್ತು. ಸಂಜೆಯೇ ಹರಳೆಣ್ಣೆ ಕುಡಿಸಿ ಹೊಟ್ಟೆ ಖಾಲಿ ಮಾಡಿಸಿದ್ದರು. ಬೆಳಗಿನ ತನಕ ಹನಿ ನೀರೂ ಕೂಡದೆಂದು ನರ್ಸು ಎರಡು ಸಲ ಹೇಳಿ ಹೋಗಿದ್ದರು. "ಒಂದು ಗುಟುಕು ಸಾಕು ಮಾರಾಯ" ಎಂದು ಅಪ್ಪಯ್ಯ ಕೂಜದ ಕಡೆ ಕೈ ಚಾಚಿದಾಗ ನಾನು ಅದನ್ನೆತ್ತಿ ಮಂಚದ ಕೆಳಗಿಟ್ಟೆ.

ಅವರದು ಹತ್ತು ವರ್ಷದ ಸಕ್ಕರೆ ಕಾಯಿಲೆ. ಬೆಳಿಗ್ಗೆ ತೋಳಿನ ರಕ್ತನಾಳಕ್ಕೆ 'ಬಣ್ಣದ ಇಂಜೆಕ್ಷನ್' ಕೊಟ್ಟು ಚಿತ್ರ ತೆಗೆದರು. ಮಾರನೆಯ ದಿನದಿಂದ ಮೂತ್ರ ಕಡಿಮೆಯಾಯಿತು, ಪಾದ ಊದಿತು. ಐದು ದಿನ ನಮ್ಮ ಜೀವ ಕೈಯಲ್ಲಿತ್ತು. ಆರನೆಯ ದಿನ ತಾನಾಗಿಯೇ ಇಳಿಯಿತು. "ಕೆಲವರಿಗೆ ಹೀಗಾಗುವುದುಂಟು" ಎಂದರು ಡಾಕ್ಟರು. ಆಮೇಲೆ ಹನ್ನೊಂದು ವರ್ಷ ಬದುಕಿದ್ದ ಅಪ್ಪಯ್ಯ ಮನೆಗೆ ಬಂದ ನೆಂಟರಿಗೆಲ್ಲ "ನೀರು ಕೇಳಿದರೆ ಕೂಜ ಬಚ್ಚಿಟ್ಟ ಮಗ ಇವನು" ಎಂದು ನನ್ನನ್ನು ಪರಿಚಯಿಸುತ್ತಿದ್ದರು. ಅವರು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನಾನು ಆ 'ಬಣ್ಣ'ದ ಚರಿತ್ರೆಯನ್ನು ಹುಡುಕಿ ಓದತೊಡಗಿದ್ದು ಆ ಮಾತಿನ ದೆಸೆಯಿಂದಲೇ.

ಮೊದಲನೆಯದಾಗಿ ಅದು ಬಣ್ಣವೇ ಅಲ್ಲ. ನೀರಿನಂತೆ ತಿಳಿಯಾದ ಅಯೋಡಿನ್ ಸಂಯುಕ್ತ. ಅಯೋಡಿನ್ ಭಾರವಾದ ಧಾತು, ಕ್ಷಕಿರಣವನ್ನು ತಡೆಯುತ್ತದೆ. ಅದು ಹೋದಲ್ಲೆಲ್ಲ ಚಿತ್ರದಲ್ಲಿ ಗುರುತು ಮೂಡುತ್ತದೆ. ಈ ಗುಣ ಕಂಡದ್ದು ಆಕಸ್ಮಿಕವಾಗಿ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೊಡೈಡ್ ಕೊಡುತ್ತಿದ್ದರು. ಅಂಥವರ ಎಕ್ಸ್‌ರೇಯಲ್ಲಿ ಮೂತ್ರಕೋಶ ಕಾಣುವುದನ್ನು ಆಸ್‌ಬೋರ್ನ್ ಮತ್ತು ಸಂಗಡಿಗರು ಗಮನಿಸಿ ೧೯೨೩ರಲ್ಲಿ ಬರೆದರು. ೧೯೨೯ರಲ್ಲಿ ಬರ್ಲಿನ್ನಿನಲ್ಲಿದ್ದ ಮೋಸೆಸ್ ಸ್ವಿಕ್ ಎಂಬ ತರುಣ ವೈದ್ಯ ಯೂರೋಸೆಲೆಕ್ಟಾನ್ ಎಂಬ ಹೆಚ್ಚು ಸಹ್ಯವಾದ ಸಂಯುಕ್ತದಿಂದ ಮೂತ್ರಪಿಂಡದ ಸ್ಪಷ್ಟ ಚಿತ್ರ ತೋರಿಸಿದ.

ನೀರು ಬಂದ್ ಮಾಡುವ ಪದ್ಧತಿಗೂ ತರ್ಕವಿತ್ತು. ದೇಹದಲ್ಲಿ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಅದರೊಳಗಿನ ಅಯೋಡಿನ್ನೂ ಗಟ್ಟಿಯಾಗುತ್ತದೆ, ಚಿತ್ರ ಚೆನ್ನಾಗಿ ಬರುತ್ತದೆ. ಚಿತ್ರದ ಹಿತವನ್ನು ನೋಡಿದರು, ಮೂತ್ರಪಿಂಡದ ಹಿತವನ್ನು ಮರೆತರು. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇದ್ದ ರೋಗಿಯೊಬ್ಬರಿಗೆ ಈ ಪರೀಕ್ಷೆಯ ನಂತರ ಕಿಡ್ನಿ ನಿಂತುಹೋದ ವರದಿ ೧೯೫೪ರಲ್ಲೇ ಬಂದಿತ್ತು. ಮೂತ್ರಪಿಂಡದ ಒಳತಿರುಳಿಗೆ ಸಿಗುವ ಆಮ್ಲಜನಕವೇ ಅಲ್ಪ. ಔಷಧ ಅಲ್ಲಿನ ರಕ್ತನಾಳಗಳನ್ನು ಸಂಕುಚಿಸಿದರೆ, ಸೂಕ್ಷ್ಮ ನಳಿಕೆಗಳ ಜೀವಕೋಶಗಳನ್ನು ಘಾಸಿಗೊಳಿಸಿದರೆ, ಮೊದಲೇ ಸಕ್ಕರೆಯಿಂದ ಸೊರಗಿದ್ದು ತಡೆದುಕೊಂಡೀತೆ?

ಹಳೆಯ ಔಷಧಗಳು ಲವಣಗಳು. ನೀರಿನಲ್ಲಿ ಎರಡಾಗಿ ಒಡೆಯುತ್ತಿದ್ದುದರಿಂದ ಅವುಗಳ ಆಸ್ಮಾಟಿಕ್ ಒತ್ತಡ ರಕ್ತಕ್ಕಿಂತ ಐದಾರು ಪಟ್ಟು. ಕೊಟ್ಟಾಗ ಮೈಯೆಲ್ಲ ಬೆಂಕಿ. ಸ್ವೀಡನ್ನಿನ ಮಾಲ್ಮೋದ ಕ್ಷಕಿರಣತಜ್ಞ ಟಾರ್‌ಸ್ಟೆನ್ ಆಲ್ಮೆನ್‌ಗೆ ದೇಶದ ಪಶ್ಚಿಮ ಕಡಲಿನಲ್ಲಿ ಈಜಿದರೆ ಕಣ್ಣುರಿಯುತ್ತದೆ, ಉಪ್ಪು ಕಡಿಮೆಯಿರುವ ಬಾಲ್ಟಿಕ್‌ನಲ್ಲಿ ಉರಿಯುವುದಿಲ್ಲ ಎಂಬುದು ಹೊಳೆದು, ಒಡೆಯದ ಅಣುವನ್ನೇ ಮಾಡಿದರೆ ಹೇಗೆಂದು ಯೋಚಿಸಿದನೆಂಬ ಕಥೆಯಿದೆ. ೧೯೬೯ರಲ್ಲಿ ಅವನ ಲೇಖನ ಬಂತು. ಎಂಬತ್ತರ ದಶಕದಲ್ಲಿ ಅಂಥ ಔಷಧಗಳು ರೂಢಿಗೆ ಬಂದವು. ಪಾಠ ಹೇಳುವವನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಆದರೆ ನನ್ನನ್ನು ಅಲುಗಿಸಿದ್ದು ೧೯೯೪ರ ಬಾಸ್ಟನ್ನಿನ ಅಧ್ಯಯನ. ಮೂತ್ರಪಿಂಡ ದುರ್ಬಲವಾಗಿದ್ದ ೭೮ ಮಂದಿಗೆ ಹೃದಯದ ಆಂಜಿಯೋಗ್ರಾಂ ಮುಂಚೆ ಹನ್ನೆರಡು ಗಂಟೆ, ನಂತರ ಹನ್ನೆರಡು ಗಂಟೆ ಉಪ್ಪುನೀರಿನ ಡ್ರಿಪ್ ಕೊಟ್ಟರು. ಕೆಲವರಿಗೆ ಅದರ ಜೊತೆ ಮ್ಯಾನಿಟಾಲ್, ಕೆಲವರಿಗೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್. ಬರೀ ನೀರಿನವರಲ್ಲಿ ಶೇಕಡಾ ೧೧ ಮಂದಿಗೆ ತೊಂದರೆಯಾದರೆ ಉಳಿದ ಎರಡು ಗುಂಪುಗಳಲ್ಲಿ ೨೮ ಮತ್ತು ೪೦. ಇದನ್ನು ಓದುವ ಹೊತ್ತಿಗೆ ಅಪ್ಪಯ್ಯ ಇರಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಸುಮ್ಮನೆ ನಿಂತೆ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಅಪರಾಧಿಯೆಂದು ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ೨೦೦೦ದಲ್ಲಿ ಕಫ ಕರಗಿಸುವ ಅಸಿಟೈಲ್‌ಸಿಸ್ಟೀನ್ ಕಿಡ್ನಿ ಕಾಯುತ್ತದೆಂಬ ಸುದ್ದಿ ಹಬ್ಬಿತು. ಸುಮಾರು ಐದು ಸಾವಿರ ಮಂದಿಯ ೨೦೧೮ರ ಅಧ್ಯಯನದಲ್ಲಿ ಅದೂ, ಸೋಡಾ ಬೈಕಾರ್ಬೊನೇಟೂ ನಿಷ್ಪ್ರಯೋಜಕವೆಂದಾಯಿತು. ೨೦೧೭ರಲ್ಲಿ ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್‌ನವರು ಮಧ್ಯಮ ದೌರ್ಬಲ್ಯದ ೬೬೦ ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಡ್ರಿಪ್ಪೇ ಕೊಡದೆ ನೋಡಿದರು, ಹೇಳುವಂಥ ವ್ಯತ್ಯಾಸವಾಗಲಿಲ್ಲ! ಔಷಧವನ್ನೇ ಪಡೆಯದ ಒಳರೋಗಿಗಳ ರಕ್ತದಲ್ಲೂ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರಿಳಿಯುವುದು ಕಂಡುಬಂದಿತ್ತು. ೨೦೨೦ರಲ್ಲಿ ಅಮೆರಿಕದ ತಜ್ಞರು ಹಳೆಯ ಭಯ ಅತಿಯಾಯಿತೆಂದೂ, ಕಿಡ್ನಿಯ ಶೋಧನಾಶಕ್ತಿ ೩೦ಕ್ಕಿಂತ ಕೆಳಗಿಳಿದವರಿಗೆ ಡ್ರಿಪ್ ಮುಖ್ಯವೆಂದೂ, ಬೇಕಾದ ಸ್ಕ್ಯಾನನ್ನು ಭಯದಿಂದ ತಪ್ಪಿಸಬಾರದೆಂದೂ ಹೇಳಿದರು. ಭಯಕ್ಕೂ ಬಲಿಯಾದವರಿರಬೇಕಲ್ಲ.

ಆದರೆ ಇವೆಲ್ಲ ಇಂದಿನ ಔಷಧದ ಲೆಕ್ಕಾಚಾರ. ೧೯೭೬ರ ಸೀಸೆಗೂ, ಬಾಯಾರಿದ ಅಪ್ಪಯ್ಯನಿಗೂ ಅವು ಅನ್ವಯಿಸುವುದಿಲ್ಲವೆಂದು ನನಗೆ ಗೊತ್ತು.

ಎರಡು ವರ್ಷದ ಹಿಂದೆ ನನಗೇ ಸಿ.ಟಿ. ಸ್ಕ್ಯಾನ್ ಆಯಿತು. ಟೆಕ್ನೀಷಿಯನ್ ಹುಡುಗ ರಕ್ತದ ವರದಿ ನೋಡಿ, "ಬೆಳಿಗ್ಗೆಯಿಂದ ನೀರು ಕುಡಿದಿದ್ದೀರಾ ಸರ್?" ಎಂದ. ಹೆಂಡತಿ ಚೀಲದಿಂದ ಎರಡನೆಯ ಬಾಟಲಿ ತೆಗೆದು ತೋರಿಸಿದಳು. "ಇಷ್ಟೊಂದು ಬೇಡಿತ್ತು" ಎಂದು ನಗುತ್ತ ಅವನು ನನ್ನನ್ನು ಇನ್ನೊಮ್ಮೆ ಬಚ್ಚಲಿಗೆ ಕಳಿಸಿದ.