ರಕ್ತದ ಬೀಜಕಣ

1945ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳ ಮೇಲೆ ಪರಮಾಣು ಬಾಂಬುಗಳು ಬಿದ್ದ ತರುವಾಯ, ಸಿಡಿತಕ್ಕೂ ಬೆಂಕಿಗೂ ಸಿಕ್ಕಿ ಸಾಯದೆ ಉಳಿದವರಲ್ಲಿ ಅನೇಕರು ಕೆಲವು ವಾರಗಳೊಳಗಾಗಿ ರಕ್ತಸ್ರಾವದಿಂದಲೂ ಸೋಂಕಿನಿಂದಲೂ ಮಡಿದರು. ಕಿರಣಗಳು ಅವರ ಅಸ್ಥಿಮಜ್ಜೆಯನ್ನು ಕೆಡಿಸಿದ್ದವು. ರಕ್ತವು ಹುಟ್ಟುವ ನೆಲೆಯೇ ಬರಿದಾಗಿದ್ದಿತು. ಹೀಗೆ ಕಿರಣಹತವಾದ ಇಲಿಗಳಿಗೆ ಆರೋಗ್ಯವುಳ್ಳ ಮಜ್ಜೆಯನ್ನು ಸೇರಿಸಿದರೆ ಅವು ಬದುಕಬಲ್ಲವೆಂಬುದನ್ನು 1951ರಲ್ಲಿ ಅಮೆರಿಕದ ಲೊರೆನ್ಸ್ ಮೊದಲಾದವರು ತೋರಿಸಿದರು. ಆದರೆ ಬದುಕಿಸುವ ಕಣಗಳು ಆ ಮಜ್ಜೆಯಲ್ಲಿ ಎಷ್ಟಿವೆಯೆಂದು ಎಣಿಸುವ ಉಪಾಯವು ಇರಲಿಲ್ಲ.

ಆ ಉಪಾಯವನ್ನು ಕಂಡವನು ಕೆನಡಾ ದೇಶದ ವೈದ್ಯ ಅರ್ನೆಸ್ಟ್ ಮೆಕಲಕ್. 1926ರಲ್ಲಿ ಟೊರಾಂಟೊ ನಗರದಲ್ಲಿ ಜನಿಸಿ, 1948ರಲ್ಲಿ ಅಲ್ಲಿಯೇ ವೈದ್ಯಪದವಿಯನ್ನು ಪಡೆದ ಈತನು, 1957ರಲ್ಲಿ ಆಂಟೇರಿಯೊ ಕ್ಯಾನ್ಸರ್ ಸಂಸ್ಥೆಯನ್ನು ಸೇರಿದನು. ಅಲ್ಲಿ ಈತನಿಗೆ ದೊರೆತ ಜೊತೆಗಾರ ಜೇಮ್ಸ್ ಟಿಲ್, ಪಶ್ಚಿಮ ಕೆನಡಾದ ಒಕ್ಕಲುಮನೆಯಲ್ಲಿ ಬೆಳೆದು ಭೌತಶಾಸ್ತ್ರವನ್ನು ಓದಿದವನು. ವೈದ್ಯನ ಕಣ್ಣಿಗೆ ಭೌತಶಾಸ್ತ್ರಜ್ಞನ ಅಳತೆಗೋಲು ಒದಗಿತು.

ಮಜ್ಜೆಯ ಜೀವಕಣಗಳು ಕಿರಣವನ್ನು ಎಷ್ಟರಮಟ್ಟಿಗೆ ತಾಳುವುವೆಂದು ಅಳೆಯುವುದೇ ಇವರ ಮೊದಲ ಉದ್ದೇಶ. ಕಿರಣಹತವಾದ ಇಲಿಗಳ ಸಿರೆಗೆ ಎಣಿಸಿದ ಮಜ್ಜೆಕಣಗಳನ್ನು ಹೊಗಿಸಿದ ಹತ್ತನೆಯ ದಿನ, ಅದೊಂದು ಭಾನುವಾರ, ಮೆಕಲಕ್ ಪ್ರಯೋಗಶಾಲೆಗೆ ಬಂದು ನೋಡಲು, ಅವುಗಳ ಪ್ಲೀಹದ ಮೇಲೆ ಸಣ್ಣ ಸಣ್ಣ ಗಂಟುಗಳೆದ್ದಿದ್ದವು. ಬೇರೊಬ್ಬನಾದರೆ ಅವನ್ನು ವಿಕಾರವೆಂದು ಬಿಟ್ಟುಬಿಡುತ್ತಿದ್ದನೇನೋ, ಈತನು ಎಣಿಸಿದನು. ಹೊಗಿಸಿದ ಕಣಗಳು ಹೆಚ್ಚಿದಷ್ಟೂ ಗಂಟುಗಳು ಹೆಚ್ಚಿದ್ದವು; ಸುಮಾರು 10,000 ಕಣಗಳಿಗೆ ಒಂದು ಗಂಟು. ರಕ್ತವಹ ಸ್ರೋತಸ್ಸಿಗೆ ಯಕೃತ್ತೂ ಪ್ಲೀಹವೂ ಮೂಲವೆಂದು ಚರಕಸಂಹಿತೆಯಲ್ಲಿ ಹೇಳಿರುವುದನ್ನು ನೆನೆದು ನಮ್ಮವರು ಹಿಗ್ಗಬಹುದು. ಆದರೆ ಮೆಕಲಕ್ಕನ ಹಿರಿಮೆಯಿರುವುದು ಆ ಎಣಿಕೆಯಲ್ಲಿ.

ಈ ವಿಷಯವು 1961ರಲ್ಲಿ ‘ರೇಡಿಯೇಷನ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖನದ ಶೀರ್ಷಿಕೆಯಲ್ಲಿ ಬೀಜಕಣದ ಮಾತೇ ಇಲ್ಲ. ಒಂದೊಂದು ಗಂಟೂ ಒಂದೇ ಕಣದ ಸಂತತಿಯೆಂದು ತೋರುತ್ತಿದ್ದರೂ, ತೋರಿಕೆಯನ್ನು ಇವರು ಸಿದ್ಧಾಂತವೆನ್ನಲಿಲ್ಲ. ಅದನ್ನು ನಿರ್ಣಯಿಸಿದ್ದು ಶಿಷ್ಯನಾದ ಆಂಡ್ರೂ ಬೆಕರ್ ಜೊತೆಗೂಡಿ 1963ರಲ್ಲಿ. ಕಿರಣದ ಪೆಟ್ಟಿನಿಂದ ಕಣದ ವರ್ಣತಂತುಗಳು ಕೆಲವೊಮ್ಮೆ ವಿಚಿತ್ರವಾಗಿ ಮುರಿದು ಕೂಡಿಕೊಳ್ಳುತ್ತವೆ. ಆ ಗುರುತು ವಂಶಕ್ಕೆಲ್ಲ ಇಳಿದು ಬರುತ್ತದೆ. ಅಂತಹ ಗುರುತುಳ್ಳ ಗಂಟನ್ನು ಪರೀಕ್ಷಿಸಲಾಗಿ, ಅದರ ವಿಭಜಿಸುತ್ತಿದ್ದ ಕಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದೇ ಗುರುತನ್ನು ಹೊತ್ತಿದ್ದವು. ಕೊಲ್ಲುವ ಕಿರಣವೇ ಹೀಗೆ ವಂಶದ ಮುದ್ರೆಯಾಯಿತು. ಅದೇ ವರ್ಷ ಲೂಯಿ ಸಿಮಿನೊವಿಚ್ ಜೊತೆಯಲ್ಲಿ, ಗಂಟಿನ ಕಣಗಳು ಮತ್ತೊಂದು ಇಲಿಯಲ್ಲಿ ಹೊಸ ಗಂಟುಗಳನ್ನು ಹುಟ್ಟಿಸುವುದನ್ನೂ ತೋರಿಸಿದರು. ಆ ಗಂಟುಗಳಲ್ಲಿ ಬಹುಪಾಲು ಮೂಲಬೀಜದವಲ್ಲ, ಅದರಿಂದ ಕೆಲವು ತಲೆ ಕೆಳಗಿನ ಕಣಗಳವೆಂದು ಮುಂದೆ ತಿಳಿದುಬಂದಿತು. ಆದರೆ ಹಾಗೆ ತಿಳಿಯುವ ಮಾರ್ಗವೂ ಇವರು ಹಾಕಿಕೊಟ್ಟದ್ದೇ.

ಮೆಕಲಕ್ ಮುಂದೆ ರಕ್ತದ ಅರ್ಬುದವನ್ನು ಕುರಿತು ಬಹುಕಾಲ ಶೋಧಿಸಿದನು. ಲಾಸ್ಕರ್ ಪ್ರಶಸ್ತಿಯು ಇಬ್ಬರಿಗೂ ಸಂದದ್ದು 2005ರಲ್ಲಿ, ಆ ಲೇಖನ ಹೊರಬಂದ 44 ವರ್ಷಗಳ ಮೇಲೆ. 2011ರ ಜನವರಿಯಲ್ಲಿ ಮೆಕಲಕ್ ಕಾಲವಾದನು.