ಅರಗು: ಹೆಸರೊಂದು, ವಸ್ತುವೆರಡು

ಮಹಾಭಾರತದ ಅರಗಿನ ಮನೆಯ ಕಥೆಯನ್ನು ಅರಿಯದ ವಾಚಕರು ವಿರಳ. ಪಾಂಡವರನ್ನು ಸುಡಲು ವಾರಣಾವತದಲ್ಲಿ ಅರಗನ್ನೇ ಬಳಸಿದುದಕ್ಕೆ ಕಾರಣವುಂಟು. ಅದು ಶಾಖಕ್ಕೆ ಕರಗುತ್ತದೆ, ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ. ಅಂದು ವಂಚನೆಗೆ ಒದಗಿದ ಈ ಗುಣವೇ ಕುಶಲಕರ್ಮಿಯ ಕೈಯಲ್ಲಿ ಕಲೆಗೆ ಆಧಾರವಾಯಿತೆಂಬುದು ಗಮನಾರ್ಹ.

ಅರಗಿಗೆ ಸಂಸ್ಕೃತದಲ್ಲಿ ಲಾಕ್ಷಾ ಎಂದು ಹೆಸರು. ಈ ಶಬ್ದವೇ ಪಾರಸಿ, ಪೋರ್ಚುಗೀಸ್ ಮೊದಲಾದ ಭಾಷೆಗಳನ್ನು ಹಾದು ಇಂಗ್ಲಿಷಿನಲ್ಲಿ ‘ಲ್ಯಾಕರ್’ ಆಯಿತು. ಯುರೋಪಿನವರು ಚೀನ, ಜಪಾನುಗಳ ಹೊಳಪಿನ ಪಾತ್ರೆಗಳಿಗೂ ಅದೇ ಹೆಸರನ್ನಿಟ್ಟರು. ಆದರೆ ವಸ್ತುಗಳು ಬೇರೆ ಬೇರೆ.

ಚೀನ, ಜಪಾನುಗಳದು ಮರದ ತೊಗಟೆಯನ್ನು ಗೀರಿ ಸಂಗ್ರಹಿಸಿದ ರಸ. ಜಪಾನೀಯರು ಅದನ್ನು ಉರುಷಿ ಎನ್ನುವರು. ಹಸಿಯಾಗಿರುವಾಗ ಮೈಗೆ ತಾಗಿದರೆ ಬೊಕ್ಕೆಗಳೇಳುತ್ತವೆ. ಅದು ಗಟ್ಟಿಯಾಗಲು ಬಿಸಿಲಲ್ಲ, ತೇವ ಬೇಕು. ತೆಳುವಾಗಿ ಬಳಿದು, ಗಟ್ಟಿಯಾದ ಮೇಲೆ ಉಜ್ಜಿ, ಪುನಃ ಬಳಿಯುತ್ತ ಹೋದರೆ ಒಂದು ಪಾತ್ರೆಗೆ ತಿಂಗಳುಗಳೇ ಹಿಡಿಯುತ್ತವೆ. ಒಮ್ಮೆ ಗಟ್ಟಿಯಾದುದು ಮತ್ತೆ ಕರಗದು. ಚೀನದ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ಉತ್ಖನನ ಮಾಡಿದ ಸಮಾಧಿಯೊಂದರಲ್ಲಿ ಸುಮಾರು 2,100 ವರ್ಷ ಹಿಂದಿನ ಇಂತಹ ಪಾತ್ರೆಗಳು ಹೊಳಪಿನೊಡನೆಯೇ ದೊರೆತವು.

ನಮ್ಮ ಅರಗಾದರೋ ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟು. ಚನ್ನಪಟ್ಟಣದ ಕುಶಲಕರ್ಮಿಯು ಒಣಗಿಸಿದ ಹಾಲೆ ಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ಆಕಾರ ಕೊಡುತ್ತಾನೆ. ಬಳಿಕ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಕೇದಗೆಯ ಎಲೆಯನ್ನು ಒತ್ತಿ ತೀಡಿದೊಡನೆ ಹೊಳಪು ಬರುತ್ತದೆ. ಕುಂಚ ಬೇಡ, ಒಣಗಿಸುವ ಕೆಲಸವೂ ಇಲ್ಲ. ಈ ವಿದ್ಯೆಗೆ ಟಿಪ್ಪು ಸುಲ್ತಾನನು ಪರ್ಷಿಯದ ಕುಶಲಕರ್ಮಿಗಳನ್ನು ಕರೆಸಿದನೆಂದೂ, ಮುಂದೆ ಬಾವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆಗಾರಿಕೆಯ ಕ್ರಮಗಳನ್ನು ತಂದರೆಂದೂ ಪ್ರತೀತಿಯಿದೆ. ಕ್ರಮಗಳು ಬಂದರೂ ಉರುಷಿ ಬರಲಿಲ್ಲ. ಲೇಪನ ನಮ್ಮ ಅರಗಿನದೇ ಆಗಿ ಉಳಿಯಿತು.

ಚನ್ನಪಟ್ಟಣದ ಗೊಂಬೆಗಳಿಗೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಕಾನೂನು ಹೆಸರನ್ನು ಕಾಯಬಲ್ಲದು. ಕಲೆಯನ್ನು ಕಾಯಬೇಕಾದವನು ಕೊಳ್ಳುವವನು. ರಾಸಾಯನಿಕ ಬಣ್ಣ ಬಳಿದ ಅಗ್ಗದ ಆಟಿಕೆಯೂ ದೂರದಿಂದ ಹೊಳೆಯುತ್ತದೆ. ಮಗು ಬಾಯಿಗಿಡುವ ವಸ್ತುವಿನ ಬಣ್ಣ ಯಾವುದೆಂದು ವಿಚಾರಿಸುವುದು ಹಿರಿಯರ ಕರ್ತವ್ಯ. ಆದುದರಿಂದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟೇ: ಗೊಂಬೆಯನ್ನು ಕೊಳ್ಳುವಾಗ ಬೆಲೆಗಿಂತ ಮುಂಚೆ, ಇದರ ಬಣ್ಣ ಅರಗಿನದೋ ಕುಂಚದ್ದೋ ಎಂದು ಕೇಳಿರಿ. ಕೇಳುವವರು ಇರುವತನಕ ಅರಗಿನ ಕಡ್ಡಿ ಹಿಡಿಯುವ ಕೈಗಳೂ ಇರುತ್ತವೆ.